ಗಂಗವ್ವನ ಬಾಗಿಲಿಂದ ಕಾಣುವ ಕೆಂಪು

ಬನಹಟ್ಟಿಯ ನೇಕಾರನ ಮನೆಯಲ್ಲಿ ಇರಾನಿನ ಗಾಲೀಚಾ, ಅದೇ ರತ್ನಗಂಬಳಿ, ಇತ್ತು ಅಂದರೆ ನೀವು ನಂಬುವುದಿಲ್ಲ. ಅದು ಬಣ್ಣ ಬದಲಿಸಿತು ಅಂದರಂತೂ ಎದ್ದೇ ಹೋಗುತ್ತೀರಿ. ಹೋಗಿ, ನೋಡೋಣ. ಮೊನ್ನೆ ದೊಡ್ಡ ಟ್ರಂಕು ತೆಗೆದಾಗ ಒಣ ಬೇವಿನೆಲೆಯ ವಾಸನೆ ಬಂತು. ಅದರ ಬೆನ್ನಿಗೇ ಕೈಮಗ್ಗದ ಸದ್ದು, ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆ, ನಮ್ಮ ಆ ಮನೆ ಎಲ್ಲವೂ ಬಂದವು. ಈಗ ಅಲ್ಲಿ ಪವರ್‌ಲೂಮಿನ ಶೆಡ್ಡಿದೆ; ಒಳಗೆ ನಿಂತರೆ ನಮ್ಮ ಮಾತು ನಮಗೇ ಕೇಳುವುದಿಲ್ಲ.

ಜಮಖಂಡಿಯಲ್ಲಿ ಯಾರೋ ಸಾಹುಕಾರರ ದೊಡ್ಡ ವಾಡೆ ಖಾಲಿಯಾದಾಗ ನಮ್ಮಜ್ಜ ಸೀರೆ ಕೊಟ್ಟು ತಂದ ಗಾಲೀಚಾ ಅದು. ದಾಳಿಂಬೆಯ ಕೆಂಪು. ನಡುವೆ ಕೆರೆಯಂಥ ದೊಡ್ಡ ಸುತ್ತು, ನಾಲ್ಕು ಮೂಲೆಗೂ ಅದರದೇ ಕಾಲುಭಾಗ, ಅಂಚಿನಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಬಳ್ಳಿಗಳು. ತಲೆ ಯಾವುದು, ಕಾಲು ಯಾವುದು ಎಂದು ಗುರುತೇ ಸಿಗದ ಚಿತ್ತಾರ. ಆಯಿ, ಅಂದರೆ ನಮ್ಮಜ್ಜಿ, ಅದರ ಮೇಲೆ ಬೆಕ್ಕನ್ನೂ ಕೂರಗೊಡುತ್ತಿರಲಿಲ್ಲ. ಕೇಳಿದರೆ ಕೊಡುತ್ತಿದ್ದದ್ದು ಎದುರುಮನೆಯ ಗಂಗವ್ವನಿಗೆ ಮಾತ್ರ. ಇಬ್ಬರೂ ದಿನಾ ಒಂದೇ ಕಟ್ಟೆಯ ಮೇಲೆ ಕೂತು ನೂಲು ಸುತ್ತುವವರು, ಒಂದೇ ವೀಳ್ಯದೆಲೆ ಹರಿದು ಹಂಚಿಕೊಂಡು ತಿನ್ನುವವರು. ಗಂಗವ್ವನ ಮಗಳ ಮದುವೆಗೆ ಹೋಗಿ ಬಂದ ಗಾಲೀಚಾವನ್ನು ಪಡಸಾಲೆಯಲ್ಲಿ ಹಾಸಿದಾಗ ಆಯಿಯ ಮುಖ ಸಣ್ಣದಾಯಿತು. ಕೆಂಪು ಇಳಿದಿತ್ತು.

"ಇದು ನಮ್ಮದಲ್ಲ," ಅಂದಳು.

ಅಜ್ಜ ಮಗುಚಿ ಹಿಂಬದಿಯ ಗಂಟು ನೋಡಿದ. "ನಮ್ಮದ ಐತಿ ಬಿಡ. ಇಂಥಾದ್ದು ಇನ್ನೊಂದ ಎಲ್ಲಿಂದ ತರ್ತಾಳ ಆಕಿ?"

"ನಮ್ಮದು ಮುಧೋಳಕ್ಕ ಆಕಿ ಬೀಗರ ಮನಿಗೆ ಹೋಗೇತಿ. ನಿಮಗೇನ ತಿಳೀತದ."

ಆಯಿ ಬೆರಳು ಒದ್ದೆ ಮಾಡಿ ತಿಕ್ಕಿದಳು, ಮೂಸಿದಳು, ಕಿಟಕಿಯಿಂದ ಎದುರುಮನೆಯ ಮೇಲೆ ಕಣ್ಣಿಟ್ಟಳು. ಕೊನೆಗೆ ಗೂಢಚಾರನಾಗಿ ನನ್ನನ್ನೇ ಕಳಿಸಿದಳು. ಆ ಓಣಿಯಲ್ಲಿ ನನ್ನಷ್ಟು ಚುರುಕು ಇನ್ನಾರಿದ್ದರು? ಗಂಗವ್ವನ ಮನೆಯ ಹಾಸಿಗೆ ಸುರುಳಿ ಬಿಚ್ಚುತ್ತಿದ್ದಾಗ ಅವಳೇ ಬಂದಳು.

"ಏನ ಹುಡುಕಾಕತ್ತೀಲೇ?"

"ಆಯಿಯ ಗಾಲೀಚಾ."

ಗಂಗವ್ವ ನಾನು ಬಿಚ್ಚಿದ ಹಾಸಿಗೆಯನ್ನು ತಾನೇ ಸುತ್ತಿಟ್ಟಳು. ಮರುದಿನದಿಂದ ಕಟ್ಟೆಯ ಮೇಲೆ ಆಯಿ ಒಬ್ಬಳೇ.

ಗುಟ್ಟು ಒಡೆದವನೂ ನಾನೇ. ಬೆಲ್ಲ ಕದ್ದು ಹಿತ್ತಲ ಬಾಗಿಲ ಮರೆಯಲ್ಲಿ ಕೂತಿದ್ದೆ. ಅಲ್ಲಿಂದ ನೋಡಿದರೆ ಗಾಲೀಚಾ ಮೊದಲಿನ ಹಾಗೇ ದಾಳಿಂಬೆಯ ಕೆಂಪು.

"ಆಯಿ, ಈ ಕಡಿಂದ ನೋಡ ಬಾ."

ಅಜ್ಜ ಅಂಗೈ ಆಡಿಸಿ ನೋಡಿ ನಕ್ಕ. "ದನದ ಮೈ ಇದ್ದಂಗ ಐತಿ. ಕೂದಲ ಒಂದ ಕಡಿ ಮಲಗ್ಯಾವ. ತಲಿಕಡಿ ಕಾಲಕಡಿ ತಿರುವಿ ಹಾಸೀವಿ, ಅಷ್ಟ." ಸೀರೆ ಯಾವ ಕಡೆಯಿಂದ ನೋಡಿದರೂ ಒಂದೇ ಬಣ್ಣ. ಜೀವಮಾನವೆಲ್ಲ ಸೀರೆಯನ್ನೇ ನೋಡಿದ ಕಣ್ಣಿಗೆ ಇದು ತಿಳಿಯುವುದಾದರೂ ಹೇಗೆ?

ಆ ಸಂಜೆಯೇ ಆಯಿ ಎದುರುಮನೆಗೆ ಹೋದಳು. ಗಂಗವ್ವನ ಕೈ ಹಿಡಿದು ಕರೆತಂದು, ಗಾಲೀಚಾದ ನಟ್ಟನಡುವೆ ಕೂರಿಸಿ ಚಹಾ ಕೊಟ್ಟಳು. "ಸಕ್ಕರಿ ಹೆಚ್ಚಾತು," ಅಂದಳು ಗಂಗವ್ವ.

ನಿಮ್ಮ ಅನುಮಾನವೆಲ್ಲ ಆ ಬಣ್ಣದ ಮೇಲೆ ಇರುತ್ತದೆ. ಅದು ಖರೆ, ಬಂದರೆ ಟ್ರಂಕಿನಿಂದ ತೆಗೆದು ತೋರಿಸುತ್ತೇನೆ. ನಾನು ಕಟ್ಟಿ ಹೇಳಿದ್ದು ಆ ಚಹಾ ಒಂದನ್ನೇ. ಆಯಿ ಹೋಗಿದ್ದು ನಿಜ. ಗಂಗವ್ವ ಬರಲಿಲ್ಲ. ಆಮೇಲೆ ಬದುಕಿದ್ದಷ್ಟು ದಿನ, ಪ್ರತಿ ಹಬ್ಬಕ್ಕೂ ಆಯಿ ಗಾಲೀಚಾವನ್ನು ಎದುರುಮನೆಯಿಂದ ನೋಡಿದರೆ ಗಾಢ ಕೆಂಪು ಕಾಣುವ ಹಾಗೆ ಹಾಸಿ, ಮುಂಬಾಗಿಲು ತೆರೆದಿಡುತ್ತಿದ್ದಳು.