ಕ್ಯಾಲೆಂಡರಿನ ಕೆಂಪು ಚುಕ್ಕೆಗಳು

ನಾನು ಗಣಿತದ ಟೀಚರು. ಇಪ್ಪತ್ತು ವರ್ಷಗಳಿಂದ ಆಳಂದದ ಹೈಸ್ಕೂಲೊಂದರಲ್ಲಿ ಮಕ್ಕಳ ತಪ್ಪು ಲೆಕ್ಕಕ್ಕೆ ಕೆಂಪು ಗೀರು ಎಳೆಯುತ್ತ ಬಂದಿದ್ದೇನೆ. ಪುಸ್ತಕದ ಹಿಂದಿನ ಪುಟದಿಂದ ಉತ್ತರ ಕದ್ದು, ಆಮೇಲೆ ಅದಕ್ಕೆ ತಕ್ಕಂತೆ ಹೆಜ್ಜೆ ಕೂಡಿಸುವ ಮಕ್ಕಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರನ್ನು ಬೋರ್ಡಿನ ಮುಂದೆ ನಿಲ್ಲಿಸಿ ಎಲ್ಲರೆದುರು ಬೆವರಿಳಿಸುತ್ತೇನೆ. ಹೀಗಿದ್ದೂ ನಮ್ಮ ಮನೆಯಲ್ಲಿ ಒಂದು ವರ್ಷ ಎರಡು ತಿಂಗಳು ನಾನು ಮಾಡಿದ್ದು ಅದನ್ನೇ. ಉತ್ತರ ಮೊದಲೇ ಇಟ್ಟುಕೊಂಡಿದ್ದೆ. ಅಕ್ಕನ ಕೈಗೆ ಏನೂ ಆಗಿಲ್ಲ ಎಂಬುದೇ ಆ ಉತ್ತರ.

ಅಕ್ಕ ಎಂದರೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಅಫಜಲಪುರ ತಾಲೂಕಿನ ಮಣ್ಣೂರಿನವಳು, ಭೀಮಾ ಹೊಳೆಯ ದಂಡೆಯಲ್ಲಿ ಬೆಳೆದವಳು. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ನನಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ನೀನು ಸಾಲಿ ನೋಡಿಕೋ, ಒಲೆ ನನಗಿರಲಿ ಎಂದು ಮದುವೆಯಾದ ವಾರದಲ್ಲೇ ಅವಳು ಹೇಳಿಬಿಟ್ಟಳು. ಅಂದಿನಿಂದ ನನ್ನ ಡಬ್ಬಿಯಲ್ಲಿ ಅವಳ ರೊಟ್ಟಿ. ಕಾಗದದಷ್ಟು ತೆಳ್ಳಗೆ, ಒಂದರ ಹಾಗೆ ಇನ್ನೊಂದು. ಬೆಳಗಿನ ಆರು ಗಂಟೆಗೆ ಅವಳ ಬಲಗೈ ಹಿಟ್ಟಿನ ಮೇಲೆ ಬೀಳುವ ಸಪ್ಪಳಕ್ಕೆ ನಾನು ಏಳುತ್ತಿದ್ದೆ. ಬೇರೆ ಅಲಾರಾಂ ನನಗೆ ಬೇಕಿರಲಿಲ್ಲ.

ಅಕ್ಕ ಬಿದ್ದದ್ದು ದೀಪಾವಳಿ ಮುಗಿದ ಹೊಸತರಲ್ಲಿ. ಭೂಸನೂರಿನ ಸಂಬಂಧಿಕರ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯವಿತ್ತು. ನನ್ನ ಸ್ಕೂಟಿಯಲ್ಲಿ ಇಬ್ಬರೂ ಹೊರಟಿದ್ದೆವು. ಗಾಡಿ ಹೊಡೆಯುತ್ತಿದ್ದವಳು ನಾನು. ಕಬ್ಬಿನ ಹಂಗಾಮು ಶುರುವಾಗಿತ್ತು. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳಿಂದ ಬಿದ್ದ ಕಬ್ಬು ಗಾಲಿಗೆ ಸಿಕ್ಕು ಜಜ್ಜಿಹೋಗಿ ರಸ್ತೆಯೆಲ್ಲ ಅಂಟು, ಜಾರು. ತಡವಾಗಿದೆ ಎಂದು ನಾನು ಜೋರು ಹೋಗುತ್ತಿದ್ದೆ. ಸಾವಕಾಶ ಹೋಗು ಎಂದು ಅಕ್ಕ ಎರಡು ಸಲ ನನ್ನ ಹೆಗಲು ತಟ್ಟಿದಳು. ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋಗಿ ಬ್ರೇಕ್ ಹಿಡಿದೆ, ಗಾಡಿ ಜಾರಿತು. ನನ್ನ ಮೊಣಕಾಲು ತರಚಿತು. ಅಕ್ಕ ಬಲಗೈ ಊರಿ ಬಿದ್ದಳು. ಮೊದಲು ಎದ್ದವಳು ಮಾತ್ರ ಅವಳೇ. ನನ್ನ ಸೀರೆಯ ಮಣ್ಣು ಎಡಗೈಯಿಂದ ಝಾಡಿಸಿದಳು.

ಮನೆಗೆ ಬರುವಷ್ಟರಲ್ಲಿ ಅವಳ ಹೆಬ್ಬೆರಳಿನ ಬುಡ ಊದಿತ್ತು. ಭಾವ, ಅಂದರೆ ಅವಳ ಗಂಡ, ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು:

"ನಾಯಿ ಅಡ್ಡ ಬಂತ್ರಿ. ಈಕೀದೇನೂ ತಪ್ಪಿಲ್ಲ."

ಭಾವ ಸಿಟ್ಟಿನ ಮನುಷ್ಯ. ಹೆಂಗಸರು ಗಾಡಿ ಹೊಡೆಯುವುದು ಅವರಿಗೆ ಮೊದಲಿನಿಂದಲೂ ಪಸಂದಿಲ್ಲ. ಎಂಥ ನಾಯಿ ಎಂದು ನನ್ನ ಕಡೆ ತಿರುಗಿದರು. ಕರಿ ನಾಯಿ ಎಂದೆ. ಇಲ್ಲದ ನಾಯಿಗೆ ನಾನು ಬಣ್ಣವನ್ನೂ ಕೊಟ್ಟೆ. ಮುಂದೆ ಮನೆಗೆ ಬಂದವರಿಗೆಲ್ಲ ಭಾವ ಆ ಕರಿ ನಾಯಿಯ ಕಥೆ ಹೇಳುತ್ತಿದ್ದರು, ನಾನು ಚಹಾದ ಕಪ್ಪು ಹಿಡಿದುಕೊಂಡು ತಲೆಯಾಡಿಸುತ್ತಿದ್ದೆ.

ಪಕ್ಕದ ದವಾಖಾನೆಯ ಡಾಕ್ಟರು ಕಲಬುರಗಿಗೆ ಹೋಗಿ ಫೋಟೊ ತೆಗೆಸಿರಿ ಎಂದರು. ಎಕ್ಸ್‌ರೇಗೆ ನಮ್ಮ ಕಡೆ ಫೋಟೊ ಎನ್ನುತ್ತಾರೆ. ಬೆರಳೆಲ್ಲ ಆಡುತ್ತಿವೆ, ಮುರಿದಿದ್ದರೆ ಆಡುತ್ತಿದ್ದವೇ ಎಂದು ಮನೆಯಲ್ಲಿ ಮೊದಲು ಕೇಳಿದವಳು ನಾನು. ಓದಿದವಳ ಮಾತು, ಎಲ್ಲರೂ ಒಪ್ಪಿದರು. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದೇನು ಎಂಬುದನ್ನು ಈಗ ಬರೆಯುತ್ತೇನೆ. ಉಳುಕು ಎಂದರೆ ಅದು ಅವಳ ಹಣೆಬರಹ. ಫೋಟೊದಲ್ಲಿ ಎಲುಬು ಮುರಿದದ್ದು ಕಂಡರೆ ಅದು ನಾನು ಮುರಿದದ್ದು. ನನಗೆ ಆ ಫೋಟೊ ಬೇಡವಾಗಿತ್ತು.

ನನ್ನ ಗಂಡ ಜೇವರ್ಗಿಯಲ್ಲಿ ನೌಕರಿಯಲ್ಲಿದ್ದರು. ಅಲ್ಲಿಯ ಹಳ್ಳಿಯೊಂದರಲ್ಲಿ ಎಲುಬು ಕಟ್ಟುವ ಮುದುಕನಿದ್ದಾನೆ, ಕೈಗುಣ ಒಳ್ಳೆಯದು ಎಂದು ಅವರೇ ಹೇಳಿ ಕರೆದೊಯ್ದರು. ಮುದುಕ ತತ್ತಿಯ ಲೋಳೆ ಹಚ್ಚಿ, ಬಿದಿರಿನ ಕಟ್ಟಿಗೆ ಇಟ್ಟು ಬಿಗಿದು ಕಟ್ಟಿದ. ತಿಂಗಳೊಪ್ಪತ್ತಿನಲ್ಲಿ ಕಟ್ಟು ಬಿಚ್ಚಿದಾಗ ಊತ ಇಳಿದಿತ್ತು. ಮರುದಿನ ಬೆಳಗ್ಗೆ ಅಡುಗೆಮನೆಯಿಂದ ಮತ್ತೆ ರೊಟ್ಟಿಯ ಸಪ್ಪಳ ಬಂತು. ಹಾಸಿಗೆಯಲ್ಲೇ ಮಲಗಿ ಕೇಳಿದೆ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆದರೆ ಸಪ್ಪಳ ಬದಲಾಗಿತ್ತು. ಮೊದಲಿನ ಓಟವಿಲ್ಲ, ತಟ್ಟಿ, ನಿಂತು, ಮತ್ತೆ ತಟ್ಟುವುದು. ಅಕ್ಕ ಎಡಗೈಯಿಂದ ಬಡಿಯುತ್ತಿದ್ದಳು. ನನಗೆ ಅದು ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಡಬ್ಬಿಯಲ್ಲಿ ರೊಟ್ಟಿ ದಪ್ಪವಾಗಿ, ಅಂಚು ಒಡೆದು ಬರತೊಡಗಿತು. ಒಂದು ಸಂಜೆ ಖಾಲಿ ಡಬ್ಬಿ ಕೊಡುತ್ತ, ಅಕ್ಕಾ, ಇವತ್ತು ರೊಟ್ಟಿ ಕಟ್ಟಿದ್ದೆಯೋ ಪಾಟಿ ಕಟ್ಟಿದ್ದೆಯೋ, ಮಕ್ಕಳಿಗೆ ಅದರ ಮೇಲೆಯೇ ಮಗ್ಗಿ ಬರೆಸಬಹುದಿತ್ತು ಎಂದು ಚೇಷ್ಟೆ ಮಾಡಿದೆ. ಅಕ್ಕ ನಕ್ಕಳು. ನಗುತ್ತಲೇ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅವಳು ಮೊದಲ ಸಲ ಬಾಯಿಬಿಟ್ಟು ಕೈ ನೋವು ಎಂದದ್ದು ಒಂದು ಅಮಾವಾಸ್ಯೆಯ ದಿನ. ನನಗೆ ಅಷ್ಟೇ ಸಾಕಾಯಿತು. ಹಳೆಯ ಪೆಟ್ಟು ಅಮಾವಾಸ್ಯೆ ಹುಣ್ಣಿಮೆಗೆ ಎದ್ದೇಳುತ್ತದೆ ಎಂಬುದು ನಮ್ಮ ಕಡೆ ಮನೆಮನೆಯ ಮಾತು. ಅತ್ತೆಯೂ ಹೌದು ಎಂದರು. ಎಮ್ಮೆ ಒದ್ದ ಅವರ ಮೊಣಕಾಲು ಮೂವತ್ತು ವರ್ಷದಿಂದ ಹಾಗೆಯೇ ಮಾಡುತ್ತದಂತೆ. ಹದಿನೈದು ದಿನದ ಮೇಲೆ, ಗಾಣಗಾಪುರಕ್ಕೆ ಹುಣ್ಣಿಮೆಯ ಬಸ್ಸುಗಳು ತುಂಬಿ ಹೋಗುತ್ತಿದ್ದ ದಿನ, ಅಕ್ಕ ಮತ್ತೆ ನೋವು ಎಂದಳು. ನಡುವೆ ಒಂದು ದಿನ ಯಾವಾಗಲೋ ಅಂದಿದ್ದಳು. ಆಗ ನಾನು ಗೋಡೆಯ ಕ್ಯಾಲೆಂಡರ್ ನೋಡಿ, ಇವತ್ತು ಅಮಾಸಿಯೂ ಇಲ್ಲ, ಪುಣ್ಣಿವಿಯೂ ಇಲ್ಲ, ಇವತ್ತೇಕೆ ನೋಯುತ್ತದೆ ಎಂದು ಕೇಳಿದ್ದೆ. ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳಿದ್ದೆ. ಅವಳು ಒಲೆಯ ಕಡೆ ತಿರುಗಿಕೊಂಡಿದ್ದಳು.

ಆಮೇಲೆ ನಾನು ಲೆಕ್ಕ ಇಡತೊಡಗಿದೆ. ಅಕ್ಕ ನೋವು ಎಂದ ದಿನ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಿಂದ ಒಂದು ಚುಕ್ಕೆ. ನಾಲ್ಕು ತಿಂಗಳಲ್ಲಿ ನೋಡಿದರೆ ಚುಕ್ಕೆಗಳೆಲ್ಲ ಅಮಾವಾಸ್ಯೆ ಹುಣ್ಣಿಮೆಯ ಆಚೀಚೆಯೇ. ಒಂದೂ ತಪ್ಪಿರಲಿಲ್ಲ. ಭಾವನಿಗೆ ತೋರಿಸಿದೆ, ಅತ್ತೆಗೆ ತೋರಿಸಿದೆ. ಹಳೀ ಪೆಟ್ಟು, ಥಂಡಿ ಗಾಳಿ, ಬಿಸಿ ಉಪ್ಪಿನ ಗಂಟಿನ ಶಾಖ ಕೊಟ್ಟರೆ ಆಯಿತು ಎಂದು ಎಲ್ಲರಿಗೂ ಸಮಾಧಾನ. ಎಲ್ಲರಿಗಿಂತ ಹೆಚ್ಚು ಸಮಾಧಾನ ನನಗೇ.

ಕಂಡದ್ದು ಕಾಣಲಿಲ್ಲ ಎನ್ನುವಂತಿಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದುಕೊಡು ಎಂದು ನನ್ನ ಹತ್ತಿರ ತರುತ್ತಿದ್ದಳು. ಒಗೆದ ಬಟ್ಟೆ ಹಿಂಡದೆ ಹಾಗೇ ತಂತಿಗೆ ಹಾಕುತ್ತಿದ್ದಳು, ಅಂಗಳವೆಲ್ಲ ನೀರು. ನಲ್ಲಿ ತಿರುಗಿಸಲು ಎಡಗೈ, ಕೊಡ ಎತ್ತಲು ಎಡಗೈ. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಮುಂದಿನ ದಿನ ಇತ್ತು. ಪರೀಕ್ಷೆ ಮುಗಿಯಲಿ, ತೋರಿಸೋಣ. ಮಳೆ ಬೀಳಲಿ, ಕಡಿಮೆಯಾಗಬಹುದು. ದಸರಾ ರಜೆ ಬರಲಿ. ರಜೆ ಬಂತು, ಹೋಯಿತು, ಉತ್ತರಪತ್ರಿಕೆ ನೋಡುವುದಿತ್ತು.

ಎಳ್ಳ ಅಮಾವಾಸ್ಯೆ ಬಂತು. ಸಜ್ಜೆ ರೊಟ್ಟಿ, ಕಡಬು, ಬಜ್ಜಿ ಪಲ್ಯ, ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಬೇಕು. ಮಾಡಿದ ಅಡುಗೆಯನ್ನು ಹಿಡಿಹಿಡಿಯಾಗಿ ಭೂಮಿತಾಯಿಗೆ ಎರಚುವುದೇ ಚರಗ. ನಮ್ಮ ಮನೆಯಲ್ಲಿ ಅದು ಹಿರಿಸೊಸೆಯ ಕೆಲಸ. ಅಕ್ಕ ಬಲದೋಳಿಗೆ ಬುಟ್ಟಿ ಸಿಕ್ಕಿಸಿಕೊಂಡು ಎಡಗೈಯಿಂದ ಚರಗ ಎರಚಿದಳು. ಅತ್ತೆಗೆ ಸರಿಬರಲಿಲ್ಲ, ಎಡಗೈಲೆ ದೇವರಿಗೆ ಕೊಡುವುದುಂಟೇ ಎಂದರು. ಅಕ್ಕ ಕೈ ಬದಲಿಸಿ ಬಲಗೈಯಲ್ಲಿ ಹಿಡಿ ತುಂಬಿದಳು, ಎತ್ತಲು ಹೋದಳು, ಬೆರಳು ಬಿಚ್ಚಿ ಎಲ್ಲ ಅವಳ ಕಾಲ ಮೇಲೆಯೇ ಬಿತ್ತು. ಎಲ್ಲರೂ ನೋಡಿದರು. ನಾನು ಅಂದು ಏನು ಹೇಳಿದೆ ಎಂದು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಇವತ್ತು ಅಮಾಸಿ ಅಲ್ಲವೇ ಎಂದೆ.

ಅದಾಗಿ ಎಂಟನೇ ದಿನ ಸಾಲಿಗೆ ಮಧ್ಯಾಹ್ನವೇ ರಜೆ ಸಿಕ್ಕಿತು. ಮನೆಗೆ ಬಂದರೆ ಅತ್ತೆ ಅಂಗಳದಲ್ಲಿ ಮಲಗಿದ್ದರು. ಅಡುಗೆಮನೆಯಲ್ಲಿ ಅಕ್ಕ ಒಬ್ಬಳೇ. ಹಳೆಯ ಸೀರೆಯ ತುಂಡಿನಿಂದ ಮಣಿಕಟ್ಟು ಬಿಗಿದು, ಅದನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಮುಂದೆ ಬಾಗಿ ಕೂತಿದ್ದಳು. ಸದ್ದಿಲ್ಲದೆ ಅಳುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ನನ್ನ ಕಣ್ಣು ಹೋದದ್ದು ಮೊದಲು ಅವಳ ಕೈಗಲ್ಲ, ಕ್ಯಾಲೆಂಡರಿಗೆ. ಅಷ್ಟಮಿ. ಅಮಾವಾಸ್ಯೆಗೆ ಎಷ್ಟು ದೂರವೋ ಹುಣ್ಣಿಮೆಗೂ ಅಷ್ಟೇ ದೂರ. ಅಕ್ಕ ನನ್ನನ್ನು ಕಂಡು ಬಟ್ಟೆ ಬಿಚ್ಚತೊಡಗಿದಳು, ಚಹಾ ಇಡುತ್ತೇನೆ ಎಂದು ಏಳಲು ಹೋದಳು. ನಾಳೆ ಕಲಬುರಗಿಗೆ ಹೋಗುವುದು, ಮಾತು ಬೇಡ ಎಂದೆ.

ಭಾವ ಕೂಡ ಬಂದರು. ಎಲುಬಿನ ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಿಮೆ. ಫೋಟೊವನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನ ಬುಡದ ಒಂದು ಪುಟ್ಟ ಎಲುಬು ತೋರಿಸಿದರು. ಗೇರುಬೀಜದಷ್ಟು ಇತ್ತು. ನಡುವೆ ಕಪ್ಪು ಗೆರೆ. ಎರಡು ತುಂಡಾಗಿ, ಕೂಡದೆ, ಇಷ್ಟು ದಿನ ಒಂದಕ್ಕೊಂದು ತಿಕ್ಕುತ್ತ ಕೀಲನ್ನೂ ಸವೆಸಿದೆ ಎಂದರು. ಈ ಎಲುಬು ಮುರಿದರೂ ಬೆರಳು ಆಡುತ್ತವೆ, ಅಲ್ಲೇ ಮಂದಿ ಮೋಸ ಹೋಗುತ್ತಾರೆ ಎಂದರು. ಬಿದ್ದಾಗಲೇ ಬಂದಿದ್ದರೆ ಬಹುಶಃ ಪ್ಲಾಸ್ಟರಿನಲ್ಲೇ ಮುಗಿಯುತ್ತಿತ್ತು. ಹೋಗಲಿ, ಕಟ್ಟು ಬಿಚ್ಚಿ ತಿಂಗಳಾದರೂ ಹಿಡಿತ ಬರಲಿಲ್ಲ ಎಂದಾಗಲಾದರೂ ಬರಬೇಕಿತ್ತು. ಈಗ ಸೊಂಟದ ಎಲುಬಿನ ಚೂರು ತೆಗೆದು ಇಟ್ಟು ಸ್ಕ್ರೂ ಹಾಕಬೇಕು. ನೋವು ಕಡಿಮೆಯಾಗಬಹುದು, ಆದರೆ ಮಣಿಕಟ್ಟು ಮೊದಲಿನ ಹಾಗೆ ಮಣಿಯುತ್ತದೆ ಎಂದು ಹೇಳಲಾರೆ ಎಂದರು.

ನೋವು ಯಾವಾಗ ಬರುತ್ತದೆ ಎಂದು ಕೇಳಿದರು. ನಾನು ಬ್ಯಾಗಿನಿಂದ ಕ್ಯಾಲೆಂಡರ್ ತೆಗೆದೆ. ಹೌದು, ತಂದಿದ್ದೆ. ಡಾಕ್ಟರಿಗೆ ಉಪಯೋಗವಾಗಬಹುದು ಎಂದು ನನಗೇ ಹೇಳಿಕೊಂಡಿದ್ದೆ. ನಿಜವಾಗಿ ತಂದದ್ದು ನನ್ನ ಬಚಾವಿಗೆ. ಡಾಕ್ಟರಮ್ಮ ಹಾಳೆ ತಿರುವಿ ಕೆಂಪು ಚುಕ್ಕೆಗಳನ್ನು ನೋಡಿದರು. ಮುಚ್ಚಿಟ್ಟು ಅಕ್ಕನನ್ನೇ ಕೇಳಿದರು.

ಅಕ್ಕ ನೆಲ ನೋಡುತ್ತ ಹೇಳಿದಳು:

"ದಿನಾ ನೋಯ್ತದ್ರಿ. ಬ್ಯಾರೆ ದಿನ ಅಂದ್ರ ಇವತ್ತ್ ಅಮಾಸಿ ಅಲ್ಲಲ್ಲ ಅಂತಿದ್ಲು ನಮ್ಮ ಟೀಚರಬಾಯಿ. ಅದಕ್ಕ ಅಮಾಸಿ ಪುಣ್ಣಿವಿ ಬರೂತನಕ ತಡ್ಕೊಂಡು, ಆ ದಿನ ಅಷ್ಟ ಹೇಳ್ತಿದ್ದೆ."

ದೂರುವ ದನಿಯಿರಲಿಲ್ಲ. ನನ್ನ ಲೆಕ್ಕ ಒಮ್ಮೆಯೂ ತಪ್ಪದಿರಲು ಕಾರಣ ಇದು. ಉತ್ತರ ನಾನೇ ಹೇಳಿಕೊಟ್ಟಿದ್ದೆ, ಅವಳು ಒಪ್ಪಿಸುತ್ತಿದ್ದಳು.

ಬಿದ್ದದ್ದು ಹೇಗೆ ಎಂದು ಡಾಕ್ಟರಮ್ಮ ಬರೆದುಕೊಳ್ಳಲು ಪೆನ್ನು ತೆಗೆದರು. ನಾಯಿ ಅಡ್ಡ ಬಂತ್ರಿ ಎಂದು ಅಕ್ಕ ಶುರುಮಾಡಿದಳು. ಭಾವ ಕರಿ ನಾಯಿ ಎಂದು ಸೇರಿಸಿದರು.

"ನಾಯಿ ಇದ್ದಿಲ್ರಿ" ಎಂದೆ. "ನಾ ಜೋರ ಹೊಡ್ಯಾಕತ್ತಿದ್ದೆ. ಸಾವಕಾಶ ಅಂತ ಅಕ್ಕ ಎರಡು ಸಲ ಹೇಳಿದ್ಲು."

ಭಾವ ನನ್ನನ್ನು ನೋಡಿದರು, ಆಮೇಲೆ ಅಕ್ಕನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಕ್ಕ ಮೇಜಿನ ಕೆಳಗೆ ಎಡಗೈಯಿಂದ ನನ್ನ ಮೊಣಕಾಲು ಹಿಡಿದುಕೊಂಡಳು, ಸಾಕು ಎನ್ನುವ ಹಾಗೆ. ಅಂದು ತರಚಿದ್ದ ಮೊಣಕಾಲು ಅದೇ. ಅದು ವಾರದಲ್ಲಿ ಮಾಯ್ದಿತ್ತು.

ಆಪರೇಶನ್ ಆಯಿತು. ಎಲುಬು ಕೂಡಿದೆ, ಮಣಿಕಟ್ಟು ಅರ್ಧ ಮಾತ್ರ ಬಾಗುತ್ತದೆ. ಈಗ ಬೆಳಗಿನ ರೊಟ್ಟಿ ನಾನು ಬಡಿಯುತ್ತೇನೆ. ನನ್ನವು ನಿಜಕ್ಕೂ ಪಾಟಿಯೇ. ಅಕ್ಕ ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಾಳೆ, ಒಂದು ದಿನವೂ ತಪ್ಪು ತೆಗೆದು ಹೆಸರಿಡಲಿಲ್ಲ. ಕ್ಯಾಲೆಂಡರನ್ನು ದವಾಖಾನೆಯಿಂದ ಬಂದ ದಿನವೇ ಹರಿದು ಒಲೆಗೆ ಹಾಕಿದೆ. ಮತ್ತೊಂದು ತಂದಿಲ್ಲ, ಗೋಡೆಯಲ್ಲಿ ಬರೀ ಮೊಳೆ ಇದೆ. ದಿನಕ್ಕೆ ಒಂದು ಸಲವಾದರೂ ಕೈ ನೋಯುತ್ತದೇನು ಎಂದು ಕೇಳುತ್ತೇನೆ. ಉತ್ತರ ಹೇಳುವ ಮೊದಲು ಅಕ್ಕನ ಕಣ್ಣು ಇವತ್ತಿಗೂ ಆ ಮೊಳೆಯ ಕಡೆ ಹೋಗಿ ಬರುತ್ತದೆ.