ಪೂಜೆ ಮುಗಿದ ಮೇಲಿನ ಮಾತ್ರೆ

ನನ್ನ ಕಾಯಿಲೆಯ ಕೆಟ್ಟ ಗುಣ ಏನೆಂದರೆ, ಅದು ಶುರುವಾದಾಗ ಎಲ್ಲರೂ ನನ್ನನ್ನು ಹೊಗಳುತ್ತಾರೆ. ಜ್ವರ ಬಂದವಳಿಗೆ ಮಲಗು ಅನ್ನುತ್ತಾರೆ, ಕಾಲು ಮುರಿದವಳಿಗೆ ಕುರ್ಚಿ ಎಳೆದು ಹಾಕುತ್ತಾರೆ. ನನ್ನ ಮನಸ್ಸು ಏರತೊಡಗಿದರೆ ಮಾತ್ರ ‘ಏನ್ ಕಳೆ ಬಂದಿದೆ ಮಿಸ್ ನಿಮ್ಮ ಮುಖಕ್ಕೆ!’ ಅನ್ನುತ್ತಾರೆ. ಆರು ವರ್ಷದ ಹಿಂದೆ ಅರಸೀಕೆರೆಯ ನಮ್ಮ ಬೀದಿಗೆ ಬೀದಿಯೇ ನನ್ನನ್ನು ಹಾಗೆ ಹೊಗಳಿತು. ಅದರ ಫಲ ಉಂಡವಳು ನಾನಲ್ಲ, ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು. ಇದನ್ನು ನೆನೆದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ಮೊದಲು ನನ್ನ ಮೇಲೆ, ಆಮೇಲೆ ಬೀದಿಯ ಮೇಲೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಯಜಮಾನರದು ಕೊಬ್ಬರಿ ವ್ಯಾಪಾರ. ಮಗಳು ಹುಟ್ಟಿದ ವರ್ಷ ನಾನು ಮೂರು ವಾರ ನಿದ್ದೆಯಿಲ್ಲದೆ ಮನೆತುಂಬ ಓಡಾಡಿ, ಆಮೇಲೆ ನಾಲ್ಕು ತಿಂಗಳು ಹಾಸಿಗೆ ಹಿಡಿದು ಬಿದ್ದಿದ್ದೆ. ಹಾಸನದ ಮನೋವೈದ್ಯೆ ಅದಕ್ಕೆ ಬೈಪೋಲಾರ್ ಎಂದು ಹೆಸರು ಹೇಳಿ, ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಬರೆದುಕೊಟ್ಟರು. ಈ ಸಂಗತಿ ಗೊತ್ತಿದ್ದದ್ದು ನನಗೆ ಮತ್ತು ಯಜಮಾನರಿಗೆ ಮಾತ್ರ. ನಮ್ಮತ್ತೆಗೆ ‘ಬಿ.ಪಿ. ಮಾತ್ರೆ’ ಎಂದಿದ್ದೆವು. ತಲೆಯ ಕಾಯಿಲೆ ಅಂದರೆ ನಾಳೆ ಮಗಳ ಮದುವೆಗೂ ತೊಡಕು, ಬಿ.ಪಿ. ಅಂದರೆ ಮನೆಗೊಬ್ಬರಿಗೆ ಇದ್ದೇ ಇರುತ್ತದೆ, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು. ಬೆಳಗ್ಗೆ ಸ್ನಾನ ಮಾಡಿ, ಕೊರಳಲ್ಲಿರುವ ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಒಂದು ತೊಟ್ಟು ನೀರೂ ಬೀಳುವ ಹಾಗಿಲ್ಲ. ಪೂಜೆಯಲ್ಲಿ ಕೂತವರನ್ನು ಯಾರೂ ಕೂಗಬಾರದು, ಮುಟ್ಟಬಾರದು. ಮನೆಗೆ ಬೆಂಕಿ ಬಿದ್ದರೂ ಎದ್ದು ಬರುವವರು ಅವರೇ ಬರಬೇಕು. ಹಾಗಾಗಿ ನನ್ನ ಬೆಳಗಿನ ಮಾತ್ರೆ ಪೂಜೆ ಮುಗಿದ ಮೇಲೆ, ತಿಂಡಿಯ ಜೊತೆ. ಪೂಜೆ ಅಂದರೆ ಹದಿನೈದು ನಿಮಿಷ. ಅತ್ತೆ ಲಿಂಗವನ್ನು ದಿಟ್ಟಿಸುತ್ತಲೇ ಒಲೆಯ ಮೇಲಿನ ಹಾಲಿನ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದರು, ನಾನು ಒಂಬತ್ತನೇ ಕ್ಲಾಸಿನ ಲೆಕ್ಕಗಳಿಗೆ ಮನಸ್ಸು ಕೊಟ್ಟಿರುತ್ತಿದ್ದೆ. ಹೀಗೆ ಏಳು ವರ್ಷ ಸುಖವಾಗಿ ನಡೆಯಿತು.

ಯೋಗಕ್ಕೆ ಹೋಗಿ ಎಂದವರು ಆ ವೈದ್ಯೆಯೇ. ‘ಉಸಿರಾಟ ಕಲಿಯಿರಿ, ನಿದ್ದೆ ಸರಿಹೋಗುತ್ತೆ. ಆದರೆ ಮಾತ್ರೆ ಜೊತೆಗೆ, ಮಾತ್ರೆ ಬದಲಿಗಲ್ಲ,’ ಎಂದು ಎರಡು ಸಲ ಹೇಳಿದರು. ನಮ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಒಬ್ಬರು ಬೆಳಗಿನ ಹೊತ್ತು ಹೇಳಿಕೊಡುತ್ತಿದ್ದರು. ಮೊದಲ ದಿನವೇ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು, ‘ಏನಾದ್ರೂ ಕಾಯಿಲೆ ಇದ್ರೆ ಹೇಳಿಬಿಡಿ. ಎಲ್ಲಾ ಆಸನ ಎಲ್ಲರಿಗೂ ಅಲ್ಲ, ಧ್ಯಾನನೂ ಅಷ್ಟೆ,’ ಎಂದು ಕೇಳಿದರು. ನಾನು ಬಿ.ಪಿ. ಎಂದೆ. ಸುಳ್ಳು ಎಷ್ಟು ಅಭ್ಯಾಸವಾಗಿತ್ತೆಂದರೆ ನಾಲಿಗೆ ತಾನೇ ಹೇಳಿತು.

ಮೊದಲ ವರ್ಷ ನಿಜಕ್ಕೂ ಒಳ್ಳೆಯದಾಯಿತು, ಸುಳ್ಳು ಹೇಳಬಾರದು. ಭುಜದ ಬಿಗಿತ ಹೋಯಿತು, ಕ್ಲಾಸಿನಲ್ಲಿ ಸಿಡಿಮಿಡಿ ಕಡಿಮೆಯಾಯಿತು, ರಾತ್ರಿ ಹತ್ತಕ್ಕೆ ಮಲಗಿದರೆ ಐದಕ್ಕೆ ಎಚ್ಚರ. ವೈದ್ಯೆ ಸಂತೋಷಪಟ್ಟರು. ಎರಡನೇ ವರ್ಷದ ಬೇಸಿಗೆಯಲ್ಲಿ, ಉಸಿರನ್ನು ಗಮನಿಸುತ್ತ ಕೂರುವುದನ್ನು ನಾನು ಮನೆಯ ಪೂಜೆಗೂ ತಂದೆ. ಹದಿನೈದು ನಿಮಿಷ ಅರ್ಧ ಗಂಟೆಯಾಯಿತು. ಲಿಂಗದ ಕಪ್ಪಿನಲ್ಲಿ ದೀಪದ ಒಂದು ಚುಕ್ಕಿ ಕಾಣುತ್ತದಲ್ಲ, ರೆಪ್ಪೆ ಹೊಡೆಯದೆ ನೋಡಿದರೆ ಅದು ದೊಡ್ಡದಾಗುತ್ತದೆ ಎಂದು ನನಗೆ ಗೊತ್ತಾಯಿತು. ಅರ್ಧ ಗಂಟೆ ಒಂದು ಗಂಟೆಯಾಯಿತು. ಸ್ಕೂಲಿಗೆ ಹೊತ್ತಾಗಿ ತಿಂಡಿ ಬಿಟ್ಟೆ, ತಿಂಡಿಯ ಜೊತೆಗಿದ್ದ ಮಾತ್ರೆಯೂ ಹೋಯಿತು. ಸ್ಟಾಫ್ ರೂಮಿನಲ್ಲಿ ನುಂಗಿದರೆ ಯಾರಾದರೂ ಕೇಳುತ್ತಾರೆ ಎಂದು ಹಾಗೇ ಇದ್ದೆ. ರಾತ್ರಿಯದನ್ನು ಇನ್ನೂ ಎರಡು ವಾರ ತೆಗೆದುಕೊಂಡೆ. ಆಮೇಲೆ ನಿದ್ದೆಯೇ ಬೇಕಾಗಲಿಲ್ಲ. ಬೇಕಾಗಿಲ್ಲದ ನಿದ್ದೆಗೆ ಮಾತ್ರೆ ಯಾಕೆ ಎಂದು ಅದನ್ನೂ ಬಿಟ್ಟೆ. ಯಜಮಾನರು ‘ಆಯ್ತಾ?’ ಎಂದು ಕೇಳುತ್ತಿದ್ದರು, ‘ಆಯ್ತು’ ಎನ್ನುತ್ತಿದ್ದೆ.

ನನಗೆ ಅಷ್ಟು ಚೆನ್ನಾಗಿ ಬದುಕಿನಲ್ಲಿ ಎಂದೂ ಅನ್ನಿಸಿರಲಿಲ್ಲ.

ಅತ್ತೆಯಂತೂ ಬೀಗಿದರು. ಮಠಕ್ಕೆ ಹೋದಾಗ, ಕೊಬ್ಬರಿ ಒಡೆಯುವ ಹೆಂಗಸರ ನಡುವೆ ಕೂತಾಗ, ಎಲ್ಲೆಲ್ಲೂ ನನ್ನದೇ ಮಾತು. ‘ಎರಡೆರಡು ಗಂಟೆ ಕೂತ್ಕತಾಳೆ ಕಣವ್ವ ನನ್ನ ಸೊಸೆ. ಕಲ್ಲು ಕುಂತಂಗೆ. ನಾವೂ ಇದ್ದೀವಿ, ಕೂತ್ರೆ ಮಂಡಿ ನೋವು ಅಂತೀವಿ!’ ಬೀದಿಯ ಇಬ್ಬರು ಮುದುಕಿಯರು ಬಂದು ನನ್ನ ಕಾಲು ಮುಟ್ಟಿದರು. ಬೇಡ ಅನ್ನಲಿಲ್ಲ ನಾನು. ನ್ಯಾಯವೆಂದೇ ಅನ್ನಿಸಿತು.

ಮಗಳೊಬ್ಬಳಿಗೇ ಅನುಮಾನ ಬಂದಿತ್ತು. ಒಂದು ಬೆಳಗ್ಗೆ ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಪೂಜೆಕೋಣೆಯ ಬಾಗಿಲಲ್ಲಿ ನಿಂತು, ‘ಅಜ್ಜಿ, ಅಮ್ಮ ನಗೋದು ಬೇರೆ ಥರ ಆಗಿದೆ,’ ಎಂದಳು. ‘ಶ್! ಪೂಜೆ ಮುಗಿಯೋಗಂಟ ಮಾತಾಡಿಸ್ಬಾರ್ದು,’ ಎಂದು ಅತ್ತೆ ಅವಳನ್ನು ಎಳೆದುಕೊಂಡು ಹೋದರು. ಯಜಮಾನರೂ ಎರಡು ಸಲ ಬಾಗಿಲ ತನಕ ಬಂದು ನನ್ನ ಬೆನ್ನು ನೋಡಿ ಹಿಂದಿರುಗಿದ್ದರಂತೆ. ಕೂಗಬೇಕು ಎಂದು ಬಾಯಿ ತೆರೆದರೆ ತಾಯಿ ಕೈ ಅಡ್ಡ ಹಿಡಿದರಂತೆ. ಯಜಮಾನರಿಗೆ ತಾಯಿಯೆದುರು ನಿಜ ಹೇಳುವ ಧೈರ್ಯವಿರಲಿಲ್ಲ. ಎಂಟು ವರ್ಷ ಬಿ.ಪಿ. ಎಂದವರು ಈಗ ಯಾವ ಬಾಯಲ್ಲಿ ಏನು ಹೇಳುವುದು?

ಆ ದಿನ ಯಜಮಾನರು ಕೊಬ್ಬರಿ ಹರಾಜಿಗೆಂದು ಬೇಗ ಮಾರುಕಟ್ಟೆಗೆ ಹೋಗಿದ್ದರು. ನಾನು ಅತ್ತೆಗೆ ಬೇಲೂರಿಗೆ, ತವರಿಗೆ ಹೋಗಿಬರುತ್ತೇನೆ ಎಂದೆ. ಮಗಳಿಗೆ ತಿಂಡಿ ಬೇಡ, ಇವತ್ತು ಅವಳೂ ನನ್ನ ಜೊತೆ ಉಪವಾಸ ಎಂದೆ. ಅತ್ತೆ ಕಣ್ಣು ತುಂಬಿಕೊಂಡು ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ ಕಳಿಸಿದರು. ಹಿಂದಿನ ದಿನದಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ, ಬಸ್ಸಿನ ಕಂಬಿ, ತೆಂಗಿನ ತೋಟ, ಜಾವಗಲ್ಲಿನಲ್ಲಿ ಹತ್ತಿದ ಜನರ ಮುಖ, ಎಲ್ಲದರ ಅಂಚಿನಲ್ಲೂ ಬೆಳಕು ಕಾಣುತ್ತಿತ್ತು. ಮಗಳು ‘ಅಮ್ಮ, ಮೆಲ್ಲಗೆ ಮಾತಾಡು, ಎಲ್ಲರೂ ನೋಡ್ತಿದಾರೆ,’ ಎಂದು ನನ್ನ ಸೆರಗು ಎಳೆದಳು.

ಹಳೇಬೀಡಿನಲ್ಲಿ ಇಳಿದುಬಿಟ್ಟೆ. ‘ಬೇಲೂರು ಇನ್ನೂ ಮುಂದೈತೆ ಕಣಮ್ಮ,’ ಎಂದ ಕಂಡಕ್ಟರ್. ‘ನನ್ನ ಊರು ಇದೇ,’ ಎಂದೆ. ಅವನು ನಕ್ಕು ಸೀಟಿ ಊದಿದ. ನನಗೆ ಕೆರೆ ಬೇಕಿತ್ತು. ಅಷ್ಟು ದೊಡ್ಡ ನೀರಿನ ಮೇಲೆ ಬಿಸಿಲು ಬಿದ್ದರೆ ಏನಾಗುತ್ತದೆಂದು ಹಿಂದಿನ ರಾತ್ರಿಯಿಡೀ ಯೋಚಿಸಿದ್ದೆ.

ದಂಡೆಯ ಕಲ್ಲಿನ ಮೇಲೆ ಇಬ್ಬರೂ ಪೂರ್ವಕ್ಕೆ ಮುಖ ಮಾಡಿ ಕೂತೆವು. ನಾನು ಕೊರಳಿನ ಲಿಂಗ ತೆಗೆದು ಅಂಗೈಯಲ್ಲಿಟ್ಟೆ. ಮಗಳೂ ಅಂಗೈ ಚಾಚಿದಳು. ಅವಳಿಗಿನ್ನೂ ದೀಕ್ಷೆಯಾಗಿರಲಿಲ್ಲ, ಅಂಗೈ ಬರಿದಾಗಿತ್ತು. ‘ನಾನೇನು ನೋಡ್ಲಿ ಅಮ್ಮ?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ನನಗೆ ಉತ್ತರ ಥಟ್ಟನೆ ಹೊಳೆಯಿತು, ಆ ದಿನಗಳಲ್ಲಿ ನನಗೆ ಎಲ್ಲದಕ್ಕೂ ಉತ್ತರ ಥಟ್ಟನೆ ಹೊಳೆಯುತ್ತಿತ್ತು. ಮರಗಳ ಮೇಲೆ ಬಂದಿದ್ದ ಸೂರ್ಯನನ್ನು ತೋರಿಸಿ, ‘ಅದನ್ನು ನೋಡು. ಅದಕ್ಕಿಂತ ದೊಡ್ಡ ಲಿಂಗ ಇಲ್ಲ. ರೆಪ್ಪೆ ಹೊಡೀಬಾರದು. ಹೊಡೆದರೆ ಮತ್ತೆ ಮೊದಲಿಂದ,’ ಎಂದೆ.

ಎಷ್ಟು ಹೊತ್ತು ಕೂತಿದ್ದೆವೋ ನನಗೆ ತಿಳಿಯದು. ನನ್ನ ಕಣ್ಣು ತಣ್ಣನೆಯ ಕಪ್ಪು ಲಿಂಗದ ಮೇಲಿತ್ತು, ಅವಳ ಕಣ್ಣು ಸೂರ್ಯನ ಮೇಲಿತ್ತು. ಅವಳ ಮೂಗಿನಿಂದ, ಕಣ್ಣಿನಿಂದ ನೀರು ಸುರಿಯುವುದು ಓರೆಗಣ್ಣಿಗೆ ಕಾಣುತ್ತಿತ್ತು. ಭಕ್ತಿ ಎಂದುಕೊಂಡೆ. ಬಸ್ತಿಹಳ್ಳಿಯ ಹೆಂಗಸೊಬ್ಬಳು ಸ್ವಲ್ಪ ದೂರದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದು ಬಂದಳು.

‘ಯಾಕವ್ವ, ಮಗಾ ಹಿಂಗೆ ಬಿಸ್ಲಿಗೆ ಕಣ್ಣು ಬಿಟ್ಕಂಡು ಕುಂತೈತೆ?’

‘ಪೂಜೆ ನಡೀತಿದೆ. ಮಾತಾಡಿಸಬೇಡಿ.’

ಪೂಜೆ ಅಂದ ಕೂಡಲೆ ಆ ಹೆಂಗಸು ಕೈ ಮುಗಿದು, ‘ತೆಪ್ಪಾತು ಕಣವ್ವ,’ ಎಂದು ಹಿಂದೆ ಸರಿದಳು. ನಮ್ಮ ಮನೆಯವರನ್ನು ತಡೆದದ್ದೇ ಅವಳನ್ನೂ ತಡೆಯಿತು. ಆಕೆ ಇನ್ನೊಂದು ನಿಮಿಷ ಜಗಳವಾಡಿದ್ದರೆ, ನನ್ನ ಕೆನ್ನೆಗೆ ಬಾರಿಸಿದ್ದರೆ, ಎಂದು ನಾನು ಎಷ್ಟೋ ದಿನ ಹಲುಬಿದ್ದೇನೆ. ಮರ್ಯಾದೆ ತೋರಿಸಿದ ಪಾಪದ ಹೆಂಗಸನ್ನು ದೂರುವುದು ಹೇಗೆ? ಕೊನೆಗೆ ಮಗಳು ಕೂತಲ್ಲೇ ವಾಂತಿ ಮಾಡಿಕೊಂಡು ಪಕ್ಕಕ್ಕೆ ವಾಲಿದಳು. ಆಗ ಓಡಿ ಬಂದವಳೂ ಆ ಹೆಂಗಸೇ. ಮಗುವನ್ನು ಎತ್ತಿ ಮರದ ನೆರಳಿಗೆ ಒಯ್ದು, ಅವಳ ಬಾಯಿಂದಲೇ ಅಪ್ಪನ ನಂಬರು ಹೇಳಿಸಿ ಫೋನು ಮಾಡಿದಳು. ನಾನು ಕೆರೆಯ ಕಡೆ ತಿರುಗಿ ಇನ್ನೂ ಮಾತಾಡುತ್ತಲೇ ಇದ್ದೆನಂತೆ.

ಮುಂದಿನ ಒಂದು ತಿಂಗಳು ನಾನು ಹಾಸನದ ಆಸ್ಪತ್ರೆಯಲ್ಲಿದ್ದೆ. ಅದರಲ್ಲಿ ಮೊದಲ ಎರಡು ವಾರ ನನಗೆ ನೆನಪಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಒಂದು ಬೆಳಗಿನಲ್ಲಿ ನಾನು ಮಾಡಿದ್ದೇನು ಎಂದು ಮೂರನೇ ವಾರ ತಿಳಿಯಿತು. ಬಿಸಿಲಿನ ಬೆಳಕು ಮಗಳ ಕಣ್ಣಿನ ಹಿಂದಿನ ಪರದೆಯನ್ನು ನಟ್ಟನಡುವೆ ಸುಟ್ಟಿತ್ತು. ನೋವೇ ಇರುವುದಿಲ್ಲವಂತೆ, ಸುಡುವುದು ಗೊತ್ತೇ ಆಗುವುದಿಲ್ಲವಂತೆ. ಸ್ವಲ್ಪ ಸರಿಹೋಯಿತು. ಪೂರ್ತಿ ಸರಿಹೋಗಲಿಲ್ಲ. ಅಂಚಿನಲ್ಲೆಲ್ಲ ಚೆನ್ನಾಗಿ ಕಾಣುತ್ತದೆ, ನಡುವೆ ಮಸುಕು.

ಕಣ್ಣಿನ ಡಾಕ್ಟರು ‘ಸೂರ್ಯನ್ನ ನೋಡು ಅಂತ ಯಾರು ಹೇಳಿದ್ದು?’ ಎಂದು ಕೇಳಿದಾಗ ಅವಳು, ‘ಯಾರೂ ಇಲ್ಲ, ನಾನೇ ನೋಡ್ದೆ. ಅಮ್ಮ ಬೇಡ ಅಂದ್ರು,’ ಎಂದಳಂತೆ. ಹೊರಗಿನವರ ಮುಂದೆ ಆ ಮಾತನ್ನು ಅವಳು ಇವತ್ತಿಗೂ ಬದಲಿಸಿಲ್ಲ. ಯೋಗದ ಮೇಷ್ಟ್ರು ಮನೆಗೆ ಬಂದು, ‘ಬಿ.ಪಿ. ಅಂದಿದ್ರಲ್ಲಮ್ಮ,’ ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ವಾಸಿಯಿತ್ತು.

ಈಗ ನಮ್ಮ ಮನೆಯಲ್ಲಿ ಮೊದಲು ಮಾತ್ರೆ, ಆಮೇಲೆ ಸ್ನಾನ, ಪೂಜೆ. ಲೋಟದಲ್ಲಿ ನೀರು ಹಿಡಿದು ನಿಲ್ಲುವವರು ಸ್ವತಃ ನಮ್ಮತ್ತೆ. ‘ಲಿಂಗಪ್ಪ ಕಾಯ್ತಾನೆ, ನುಂಗು ನೀನು,’ ಅನ್ನುತ್ತಾರೆ. ಎಂಬತ್ತರ ಹತ್ತಿರದ ಆ ಜೀವಕ್ಕೆ ಆ ಮಾತು ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಯೋಗ ಬಿಟ್ಟಿಲ್ಲ, ವೈದ್ಯೆ ಹೇಳಿದಷ್ಟು, ಮೇಷ್ಟ್ರ ಕಣ್ಣೆದುರಿಗೆ ಮಾಡುತ್ತೇನೆ. ಧ್ಯಾನ ಹತ್ತು ನಿಮಿಷ, ಮೊಬೈಲಿನ ಗಂಟೆ ಹೊಡೆದರೆ ಎದ್ದುಬಿಡುತ್ತೇನೆ. ಒಂದೊಂದು ದಿನ ಹತ್ತು ನಿಮಿಷ ತೀರಾ ಹಿತವಾಗಿ ಕಳೆದರೆ, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದೆನೆಂದು ಲೆಕ್ಕ ಹಾಕುತ್ತೇನೆ. ಸಂತೋಷವಾದರೆ ಹೆದರುವ ಬಾಳು ನನ್ನದು.

ಮಗಳಿಗೆ ಈಗ ಹದಿನಾಲ್ಕು. ಕಳೆದ ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತ, ಆರು ವರ್ಷದಿಂದ ಕೇಳದೆ ಉಳಿದದ್ದನ್ನು ಕೇಳಿದೆ. ‘ಆವತ್ತು ನೀನು ಯಾಕೆ ಕಣ್ಣು ಮುಚ್ಚಲಿಲ್ಲ ಕಣೇ? ನನಗೆ ಗೊತ್ತೂ ಆಗ್ತಿರಲಿಲ್ಲ.’

‘ಮುಚ್ಚಿದ್ರೆ ಮತ್ತೆ ಮೊದ್ಲಿಂದ ಅಂದಿದ್ದೆ ನೀನು,’ ಎಂದಳು. ‘ನಂಗೆ ಹಸಿವಾಗಿತ್ತಮ್ಮ. ಬೇಗ ಮುಗಿದ್ರೆ ಮನೆಗೆ ಹೋಗ್ಬೋದು ಅಂದ್ಕೊಂಡೆ.’

ಹೇಳಿ ನನ್ನ ಕಡೆ ತಿರುಗಿದಳು. ನಾನು ಅಳುತ್ತಿದ್ದೇನೋ ಇಲ್ಲವೋ ಎಂದು ತಿಳಿಯಲು ಮುಖವನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ನನ್ನ ಕಿವಿಯ ಆಚೆ ಎಲ್ಲೋ ನೋಡಿದಳು. ನೇರವಾಗಿ ನೋಡಿದರೆ ಅವಳಿಗೆ ನನ್ನ ಮುಖ ಕಾಣುವುದಿಲ್ಲ.