ಯಾರ್ಡಿನವರ ಸುಳ್ಳು

ಮೊನ್ನೆ ಮೈಸೂರಿನಲ್ಲಿ ಬಸ್ ನಿಲ್ದಾಣದ ಹೊರಗೆ ತರಕಾರಿ ಚೀಲ ಹಿಡಿದು ನಿಂತಿದ್ದೆ. ಬೆನ್ನ ಹಿಂದೆ ಒಂದು ದೊಡ್ಡ ಲಾರಿ ಬಂದು ನಿಂತು ಬ್ರೇಕಿನ ಗಾಳಿಯನ್ನು ಉಸ್ಸೆಂದು ಬಿಟ್ಟಿತು. "ಗಾಡಿ ಬಂತು" ಎಂಬ ಮಾತು ನನ್ನ ಬಾಯಿಂದ ತಾನಾಗಿ ಹೊರಟಿತು. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೇನು ಗೊತ್ತು, ಪಾಪ. ನಾನು ಹುಟ್ಟಿ ಬೆಳೆದದ್ದೇ ಆ ಉಸ್ಸೆನ್ನುವ ಸದ್ದಿನ ಪಕ್ಕದಲ್ಲಿ. ಅದು ಕೇಳಿದರೆ ಸಾಕು, ಮಸ್ಕತ್ತಿನ ಹಮ್ರಿಯಾದ ಹಿಂದೆ, ಬೋಳು ಗುಡ್ಡದ ಬುಡದಲ್ಲಿದ್ದ ನಮ್ಮ ಯಾರ್ಡು ಕಣ್ಣೆದುರು ಬರುತ್ತದೆ. ಜೊತೆಗೇ ಬಿಸಿ ಟೈರಿನ ವಾಸನೆ, ಡೀಸೆಲ್ ಕುಡಿದು ಕಪ್ಪಾದ ನೆಲ, ಬಾಲ್ಕನಿಯಲ್ಲಿ ಒಣಗಿ ಧೂಳಾಗಿ ಮತ್ತೆ ಒಗೆಸಿಕೊಳ್ಳುತ್ತಿದ್ದ ನನ್ನ ಸ್ಕೂಲ್ ಯೂನಿಫಾರ್ಮು. ಒಂದು ಲಾರಿ ಕಂಪನಿ, ಅದರ ಹಿಂದೆ ಮೂರು ಮಹಡಿಯ ಎರಡು ಕಟ್ಟಡ, ಒಂದು ಕ್ಯಾಂಟೀನು. ನಮ್ಮ ಊರು ಅಂದರೆ ಅಷ್ಟೇ. ನಕ್ಷೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ.

ಅಪ್ಪ ಅಲ್ಲಿ ಗಾಡಿಗಳನ್ನು ಹೊರಡಿಸುವ ಕೆಲಸದಲ್ಲಿದ್ದರು. ಅವರು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ; ತಾತ ಸಿಗ್ನಲ್ ವಿಭಾಗದಲ್ಲಿದ್ದವರು. ರೈಲೇ ಇಲ್ಲದ ದೇಶಕ್ಕೆ ಬಂದರೂ ಅಪ್ಪ ಆ ಜಂಕ್ಷನ್ನನ್ನು ಬಿಟ್ಟು ಬರಲಿಲ್ಲ. ದಕ್ಷಿಣ ತುದಿಯ ಸಲಾಲಕ್ಕೆ ಹೋಗುವ ಲಾರಿಗಳೆಲ್ಲ ಅವರಿಗೆ 'ಡೌನ್ ಗಾಡಿ', ಅಲ್ಲಿಂದ ವಾಪಸಾಗುವವು 'ಅಪ್ ಗಾಡಿ'. ಆಫೀಸಿನ ಹೊರಗೋಡೆಗೆ ಕಪ್ಪು ಹಲಗೆ ತೂಗುಹಾಕಿ ಯಾವ ಗಾಡಿ, ಯಾವ ಡ್ರೈವರು, ಎಷ್ಟು ಹೊತ್ತಿಗೆ ಹೊರಟ ಎಂದು ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ನಮಗೆ ವೀಸಾ ಕೊಟ್ಟಿದ್ದ ಕಫೀಲನ, ಅಂದರೆ ಅರಬ್ ಧಣಿಯ, ಮಗ ಒಮ್ಮೆ ಬಂದು ಹಲಗೆ ನೋಡಿ, ಕಂಪ್ಯೂಟರ್ ಕೊಡಿಸಿದ್ದೇನಲ್ಲ, ಇದೆಂಥದು ಎಂದು ನಕ್ಕನಂತೆ. ಅಪ್ಪ ಜಗ್ಗಲಿಲ್ಲ. ಸಾವಿರ ಕಿಲೋಮೀಟರಿನ ಮರಳುಗಾಡಿನ ರಸ್ತೆ ಅದು. ಆದಮ್ ಎಂಬ ಊರು ದಾಟಿದರೆ ಫೋನು ಸತ್ತಂತೆ. ಅಪ್ಪನ ಹಲಗೆಯಲ್ಲಿ 'ಬಂತು' ಎಂಬ ಗುರುತು ಬೀಳುವವರೆಗೆ ಯಾರ ಮನೆಯಲ್ಲೂ ನಿರಾಳವಾಗಿ ಊಟ ಸೇರುತ್ತಿರಲಿಲ್ಲ. ಹೆಂಗಸರು ಸೊಪ್ಪು ತರಲು ಹೊರಟವರೂ ಹಲಗೆಯ ಮುಂದೆ ಹಾದೇ ಹೋಗುತ್ತಿದ್ದರು.

ಹೇಳಿಕೊಳ್ಳುವಂಥ ಸುಖವೇನೂ ಇರಲಿಲ್ಲ ಬಿಡಿ. ಬೇಸಿಗೆಯಲ್ಲಿ ನಲ್ಲಿ ನೀರು ಕೈ ಸುಡುತ್ತಿತ್ತು. ಆದರೆ ಸಲಾಲದಿಂದ ಅಪ್ ಗಾಡಿ ಬಂದರೆ ಎಳನೀರು, ಏಲಕ್ಕಿಬಾಳೆಯಷ್ಟೇ ಪುಟ್ಟ ಬಾಳೆಹಣ್ಣು ಬರುತ್ತಿದ್ದವು. ಡ್ರೈವರುಗಳು ಯಾರ ಮನೆ ಎಂದು ನೋಡದೆ ಹಂಚುತ್ತಿದ್ದರು. ರಂಜಾನಿನಲ್ಲಿ ಬ್ಯಾರಿ ಮನೆಗಳ ಸಮೋಸ ನಮಗೆ, ಗೌರಿಹಬ್ಬದಲ್ಲಿ ನಮ್ಮನೆ ಹೋಳಿಗೆ ಅವರಿಗೆ. ನಾವು ಮಕ್ಕಳು ದಾರ್ಸೈಟಿನ ಸ್ಕೂಲಿನಿಂದ ಬಂದು ಇಂಗ್ಲಿಷಿನಲ್ಲಿ ಜಗಳ ಆಡುತ್ತಿದ್ದೆವು, ಅಮ್ಮಂದಿರು ಕನ್ನಡದಲ್ಲೂ ತುಳುವಿನಲ್ಲೂ ಬ್ಯಾರಿಯಲ್ಲೂ ಬೈದು ಬಿಡಿಸುತ್ತಿದ್ದರು. ನಮ್ಮ ಮೇಲಿನ ಮನೆ ಹಮೀದ್ ಅಂಕಲ್‌ದು. ಪಾಣೆಮಂಗಳೂರಿನವರು, ವರ್ಕ್‌ಶಾಪಿನ ಫೋರ್‌ಮನ್. ದಾರಿಯಲ್ಲಿ ಯಾವ ಲಾರಿ ಕೆಟ್ಟು ನಿಂತರೂ ರಿಕವರಿ ಗಾಡಿ ತಗೊಂಡು ಅವರೇ ಹೋಗಬೇಕು. ಮಾತು ಕಡಿಮೆ, ನನ್ನನ್ನು ಕಂಡರೆ ಮಾತ್ರ "ಎಂತ ಮೇಡಂ, ಇವತ್ತು ಎಷ್ಟು ಪೆಟ್ಟು ತಿಂದ್ರಿ ಸ್ಕೂಲಲ್ಲಿ?" ಎಂದು ಕಾಡುತ್ತಿದ್ದರು. ಅವರ ಹೆಂಡತಿ ನಫೀಸಾ ಆಂಟಿಗೆ ಮಕ್ಕಳಿರಲಿಲ್ಲ. ನಾನು ಅರ್ಧ ದಿನ ಅವರ ಮನೆಯಲ್ಲೇ ಬಿದ್ದಿರುತ್ತಿದ್ದೆ. ಅವರು ತಲೆಗೆ ಎಣ್ಣೆ ಹಚ್ಚಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅಮ್ಮ ಹಚ್ಚಿದರೆ ನೋಯುತ್ತಿತ್ತು. ಇದನ್ನು ಅಮ್ಮನಿಗೆ ಹೇಳಿ ಒಮ್ಮೆ ಬೆನ್ನಿಗೆ ಗುದ್ದು ತಿಂದಿದ್ದೇನೆ.

ಈಗ ನಮ್ಮ ಯಾರ್ಡಿನ ಒಂದು ಪದ್ಧತಿ ಹೇಳಬೇಕು. ಕೊಲ್ಲಿ ದೇಶದಲ್ಲಿ ಬಾಳಿದವರು ನೀವಾದರೆ ನಿಮಗೆ ಗೊತ್ತಿರುತ್ತದೆ. ಊರಲ್ಲಿ ಯಾರದಾದರೂ ಅಪ್ಪನೋ ಅಮ್ಮನೋ ಸತ್ತರೆ ಸತ್ತರೆಂದು ಹೇಳುತ್ತಿರಲಿಲ್ಲ. "ಸೀರಿಯಸ್ ಅಂತೆ, ಹೊರಡು" ಎನ್ನುತ್ತಿದ್ದರು. ಒಬ್ಬನೇ ವಿಮಾನದಲ್ಲಿ ಕೂತು ಹೋಗುವವನು ದಾರಿಯಲ್ಲಿ ಕುಸಿಯಬಾರದು, ಮನೆ ಮುಟ್ಟಿದ ಮೇಲೆ ನಾಲ್ಕು ಜನರ ನಡುವೆ ಅಳಲಿ ಎಂಬ ಕರುಣೆ. ಎಲ್ಲರೂ ಈ ಸುಳ್ಳು ಹೇಳಿದವರೇ, ಹೇಳಿಸಿಕೊಂಡವರೇ. ಹಾಗಾಗಿ ಸೀರಿಯಸ್ ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಎದುರು ಪ್ರಶ್ನೆ ಹಾಕುತ್ತಿರಲಿಲ್ಲ. ಸುಮ್ಮನೆ ಬಟ್ಟೆ ತುಂಬಿಕೊಂಡು ಹೊರಡುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಒಂದು ಬುಧವಾರ, ಸಲಾಲದ ದಾರಿಯಲ್ಲಿ ಹೈಮಾ ಎಂಬ ಊರಿನ ಹತ್ತಿರ ಲಾರಿಯೊಂದು ಆಕ್ಸಲ್ ಮುರಿದು ನಿಂತಿತು. ಹಮೀದ್ ಅಂಕಲ್ ಹೋದರು. ಶುಕ್ರವಾರ ರಜೆ. ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಅಪ್ಪನಿಗೆ ಫೋನು ಬಂತು. ಕೆಟ್ಟು ನಿಂತಿದ್ದ ಲಾರಿಯ ಹಿಂದೆ ಹಮೀದ್ ಅಂಕಲ್ ಬಗ್ಗಿ ಸರಪಳಿ ಬಿಗಿಯುತ್ತಿದ್ದರು. ಮಂಜು ಕವಿದಿತ್ತು. ಹಿಂದಿನಿಂದ ಬಂದ ಇನ್ನೊಂದು ಟ್ರೈಲರು ನಿಲ್ಲಲಿಲ್ಲ. ಅಪ್ಪ ಫೋನು ಕೆಳಗಿಟ್ಟು "ಖಲಾಸ್" ಎಂದಷ್ಟೇ ಹೇಳಿ ಗೋಡೆ ಹಿಡಿದು ಕೂತರು. ಮೇಲಿನ ಮನೆಯಿಂದ ತೆಂಗಿನೆಣ್ಣೆಯಲ್ಲಿ ಏನೋ ಕರಿಯುವ ವಾಸನೆ ಬರುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಗಂಡ ಬರುತ್ತಾನೆಂದು ನಫೀಸಾ ಆಂಟಿ ಅಡುಗೆ ಹಚ್ಚಿದ್ದರು.

ಅರ್ಧ ಗಂಟೆಯಲ್ಲಿ ನಮ್ಮ ಮನೆಯ ಹಾಲಿನಲ್ಲಿ ಗಂಡಸರು ಸೇರಿದರು. ಹಮ್ರಿಯಾದಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹಾಜಿಯೂ ಬಂದರು. ಯಾರ್ಡಿನ ಬ್ಯಾರಿ ಮನೆಗಳಿಗೆಲ್ಲ ಅವರೇ ಹಿರಿಯರು. ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ನನ್ನನ್ನು ಎಬ್ಬಿಸಿ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಗಂಡ ಹೋದದ್ದು ಗೊತ್ತಾದ್ರೆ ನಫೀಸಾ ಇದ್ದತ್ ಕೂರಬೇಕಾಗ್ತದೆ. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವ ಹಾಗಿಲ್ಲ" ಎಂದರು ಹಾಜಿ. "ಇಲ್ಲಿ ಯಾರ ಮನೇಲಿ ಕೂರ್ತಾಳೆ ಮಾರ್ರೆ? ಮನೆ ಕಂಪನಿದ್ದು, ವೀಸಾ ಗಂಡನದ್ದು. ಗೊತ್ತಾಗುವ ಮೊದಲು ಊರು ಮುಟ್ಟಿದ್ರೆ ತಾಯಿ ಮನೇಲಿ ಕೂರ್ತಾಳೆ."

"ಮಣ್ಣು ಇಲ್ಲೇ ಮಾಡ್ತೀರಾ?" ಅಪ್ಪ ಕೇಳಿದರು.

"ಕಾಗದಪತ್ರ ಆದ ಕೂಡಲೇ. ಮಯ್ಯತ್ ಕಾಯಿಸಬಾರದು."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ತಡೆಯಲಾರದೆ, "ಗಂಡನ ಮುಖ ನೋಡೋದು ಬೇಡ್ವೇನ್ರೀ ಅವಳು?" ಎಂದುಬಿಟ್ಟಳು. ಅಪ್ಪ ರೇಗಿದರು. "ನೋಡೋ ಹಾಗಿಲ್ವಂತೆ ಕಣೇ, ಎಲ್ಲ ಜಜ್ಜಿ ಹೋಗಿದೆಯಂತೆ. ಅದನ್ನ ತೋರಿಸ್ತೀಯಾ ಅವಳಿಗೆ?" ಅಮ್ಮ ಒಳಗೆ ಹೋದಳು. ಅಲ್ಲಿಗೆ ತೀರ್ಮಾನ ಆಯಿತು. ಊರಿಗೆ ಫೋನು ಹೋಯಿತು, ಆಂಟಿಯ ಅಣ್ಣ ಒಪ್ಪಿದರು. ಅಪ್ಪ ಮೆಟ್ಟಿಲು ಹತ್ತಿ ಹೋಗಿ, "ನಿಮ್ಮ ತಾಯಿಗೆ ಸೀರಿಯಸ್ ಅಂತೆ ಅಮ್ಮಾ. ಹಮೀದ್‌ಗೆ ಸುದ್ದಿ ಮುಟ್ಟಿಸಿದ್ದೀವಿ. ಗಾಡಿ ಬಿಟ್ಟು ಬರೋಕಾಗಲ್ಲ, ನೀವು ಮೊದಲು ಹೊರಡಿ ಅಂದಿದಾನೆ" ಎಂದು ಹೇಳಿ ಬಂದರು. ಸತ್ತವನ ಬಾಯಲ್ಲಿ ಮಾತು ಇಟ್ಟರು ನನ್ನಪ್ಪ. ಕೆಟ್ಟವರಲ್ಲ ಅವರು. ಆದರೂ ಇದನ್ನು ನೆನೆದರೆ ಇವತ್ತಿಗೂ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ.

ಮರುದಿನ ಮಧ್ಯಾಹ್ನ ವಿಮಾನ. ಬೆಳಿಗ್ಗೆ ಅಮ್ಮ ನನ್ನನ್ನು ಮೇಲೆ ಕಳಿಸಿದಳು. ತನಗೆ ಅವಳ ಮುಖ ನೋಡಲಾಗದು ಎಂದಳು. ನಫೀಸಾ ಆಂಟಿ ಸೂಟ್‌ಕೇಸಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕಣ್ಣು ಊದಿಕೊಂಡಿತ್ತು. ಬಾಗಿಲು ಮುಂದೆ ಮಾಡಿ, ನನ್ನ ಎರಡೂ ಕೈ ಹಿಡಿದು, "ನನ್ನತ್ರ ಸುಳ್ಳು ಹೇಳ್ಬೇಡ ಮಗಾ. ದೊಡ್ಡವರು ಮಾತಾಡಿದ್ದು ನೀನು ಕೇಳಿರ್ತಿ. ನನ್ನ ಉಮ್ಮ ತೀರಿಹೋದ್ರಾ?" ಎಂದು ಕೇಳಿದರು.

"ಇಲ್ಲ ಆಂಟಿ."

"ನಿನ್ನ ಅಮ್ಮನ ಆಣೆ?"

"ಅಮ್ಮನಾಣೆ. ನಿಮ್ಮ ಉಮ್ಮ ಸತ್ತಿಲ್ಲ."

ಅದು ನಿಜವೇ ಆಗಿತ್ತು ನೋಡಿ. ಆ ಕ್ಷಣ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಸುಳ್ಳು ಹೇಳದೆ ಪಾರಾದೆನಲ್ಲ ಎಂದು ಒಳಗೊಳಗೇ ಬೀಗಿದೆ. ಹನ್ನೊಂದು ವರ್ಷದವಳಿಗೆ ಅಷ್ಟು ಜಾಣತನ! ಅವರು ನನ್ನ ಗಲ್ಲ ಸವರಿ ಮತ್ತೆ ಬಟ್ಟೆ ಮಡಚತೊಡಗಿದರು. ಹೊರಡುವಾಗ, "ಅಂಕಲ್ ಬಂದ್ರೆ ಹೇಳು, ಫ್ರಿಜ್ಜಲ್ಲಿ ಮೀನುಸಾರು ಉಂಟು, ಬಿಸಿ ಮಾಡಿ ಉಣ್ಲಿಕ್ಕೆ" ಎಂದರು. ಹೂಂ ಎಂದೆ. ಆ ಸಾರನ್ನು ಆಮೇಲೆ ಯಾರು ಏನು ಮಾಡಿದರೋ ನನಗೆ ಗೊತ್ತಿಲ್ಲ. ಇಡೀ ಯಾರ್ಡು ಕೆಳಗೆ ನಿಂತು ಅವರನ್ನು ಕಾರು ಹತ್ತಿಸಿತು, ಒಬ್ಬರಾದರೂ ಕಣ್ಣಲ್ಲಿ ನೀರು ಹಾಕಲಿಲ್ಲ. ಅಂಥ ಗಟ್ಟಿಗರು ನಾವು.

ಭಾನುವಾರ ಮಧ್ಯಾಹ್ನದ ನಮಾಜಾದ ಮೇಲೆ ಹಮೀದ್ ಅಂಕಲ್‌ರನ್ನು ಮಣ್ಣು ಮಾಡಿದರು. ನಿಜ್ವಾ ಎಂಬ ಊರಿನ ಆಸ್ಪತ್ರೆಗೆ ಹೋಗಿ ಗುರುತು ಹಿಡಿದು ಕರೆತಂದವರು ಅಪ್ಪನೇ. ಸಂಜೆ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕೂತು, ಅಮ್ಮನಿಗೆ ಹೇಳಿದರು. "ಮುಖಕ್ಕೆ ಒಂದು ಗೀರೂ ಆಗಿಲ್ಲ ಕಣೇ. ಪೆಟ್ಟೆಲ್ಲ ಎದೆಗೆ. ಗಡ್ಡದಲ್ಲಿದ್ದ ಮರಳನ್ನ ನಾನೇ ಒರೆಸಿದೆ. ಫೋನಲ್ಲಿ ಯಾವನೋ ಬಾಯಿಗೆ ಬಂದದ್ದು ಹೇಳಿದ, ನಾನು ನಂಬಿದೆ." ಅಮ್ಮ ಬಗ್ಗಿ ಅವರ ಕಾಲಿನ ಚಪ್ಪಲಿ ಬಿಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಸಾವಾದರೂ ಅಪ್ಪ ನೇರ ಹೋಗಿ, "ನಿಮ್ಮಪ್ಪ ತೀರಿಕೊಂಡರು" ಎಂದು ಮುಖದ ಮೇಲೆಯೇ ಹೇಳುತ್ತಿದ್ದರು. ಕರುಳೇ ಇಲ್ಲದ ಮನುಷ್ಯ ಎಂದು ಜನ ಆಡಿಕೊಂಡರು.

ಯಾರ್ಡಿನ ಮೇಲೂ ಏನೋ ಕವಿದಂತಾಯಿತು. ಇದ್ದಕ್ಕಿದ್ದಂತೆ ಏನೂ ಮುಗಿಯಲಿಲ್ಲ. ಮೊದಲು ಕಂಪನಿ ಅರ್ಧ ಗಾಡಿಗಳನ್ನು ಸೊಹಾರಿನ ಹೊಸ ಬಂದರಿನ ಕಡೆಗೆ ಸಾಗಿಸಿತು. ಹಿಂದೆಯೇ ಸಂಸಾರಗಳೂ ಒಂದೊಂದೇ ಖಾಲಿಯಾದವು. ಆಮೇಲೆ ಒಂದು ಜೂನಿನಲ್ಲಿ ಆ ದೊಡ್ಡ ಚಂಡಮಾರುತ ಬಂತು. ವರ್ಷವಿಡೀ ಒಣಗಿ ಬಿದ್ದಿರುತ್ತಿದ್ದ ವಾದಿಯಲ್ಲಿ, ಅಂದರೆ ಮರಳು ಹಳ್ಳದಲ್ಲಿ, ನೀರು ನುಗ್ಗಿ ವರ್ಕ್‌ಶಾಪು, ಕ್ಯಾಂಟೀನು, ಅಪ್ಪನ ಆಫೀಸು ಎಲ್ಲ ಕೆಸರಾದವು. ಮುಂದಿನ ವರ್ಷ ನಾವು ಹೊರಟೆವು. ಈಗ ಅಲ್ಲಿ ಕಾರು ಮಾರುವ ಗಾಜಿನ ಅಂಗಡಿ ಇದೆಯಂತೆ. ಅಪ್ಪನೂ ಇಲ್ಲ, ಹಾಜಿಯೂ ಇಲ್ಲ. ಅಂಥ ಊರಿತ್ತು ಎಂದು ಸಾಕ್ಷಿ ಹೇಳಲು ಉಳಿದವರನ್ನು ಬೆರಳಲ್ಲಿ ಎಣಿಸಬಹುದು.

ಕಳೆದ ವರ್ಷ ಧೈರ್ಯ ಮಾಡಿ ಪಾಣೆಮಂಗಳೂರಿಗೆ ಹೋದೆ. ನಫೀಸಾ ಆಂಟಿ ಅಣ್ಣನ ಮನೆಯ ಹಿಂಬದಿಯ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾರೆ. ಹೆಸರು ಹೇಳುವ ಮೊದಲೇ ಗುರುತು ಹಿಡಿದರು. ನಾನು ಏನೇನೋ ಹೇಳಲು ಹೋಗಿ ಅಳತೊಡಗಿದೆ.

"ನಿನ್ನದೆಂತ ತಪ್ಪು? ಚಿಕ್ಕ ಹುಡುಗಿ. ನಾನು ನಿನ್ನ ಆಣೆ ನಂಬಲೇ ಇಲ್ಲ" ಎಂದರು. "ಸೀರಿಯಸ್ ಅಂದ್ರೆ ಎಂತ ಅಂತ ನನಗೆ ಗೊತ್ತಿಲ್ವಾ? ಉಮ್ಮ ಹೋದ್ರು ಅಂತ ಬೊಂಬಾಯಿವರೆಗೂ ಅತ್ಕೊಂಡೇ ಹೋದೆ. ಇಲ್ಲಿ ಬಂದ್ರೆ ಅಂಗಳದಲ್ಲಿ ಕುರ್ಚಿ ಹಾಕಿದ್ರು, ಜನ ತುಂಬ. ಆಯ್ತು, ಮುಗೀತು ಅಂತ ಕಾರಿಂದ ಇಳಿದೆ. ನೋಡಿದ್ರೆ ಉಮ್ಮ ನಡ್ಕೊಂಡು ಬರ್ತಾ ಇದ್ದಾರೆ! ನನಗೆ ನಗು ಬಂತು ಮಗಾ. ಖುಷಿಯಲ್ಲಿ ಜೋರಾಗಿ ನಕ್ಕೆ, ಅಷ್ಟು ಜನರ ಎದುರು. ಅವರು ಅಲ್ಲಿ ಮಣ್ಣಿಗೆ ಹೋಗುವ ದಿನ ನಾನು ಇಲ್ಲಿ ನಗಾಡಿದ್ದೇನೆ."

ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಸುಮ್ಮನೆ ಆಚೀಚೆ ಸರಿಸಿದರು. ಆಮೇಲೆ ಕೇಳಿದರು, "ಮುಖಕ್ಕೆ ಪೆಟ್ಟಾಗಿತ್ತಂತಲ್ಲ. ನೋಡುವ ಹಾಗೆ ಇರಲಿಲ್ಲ, ಅದಕ್ಕೇ ಕಳಿಸಿದ್ದು ಅಂತ ಅಣ್ಣ ಹೇಳಿದ. ಹೌದಾ?"

ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನೂ ಯಾರ್ಡಿನವಳೇ ತಾನೇ.

"ಇಲ್ಲ ಆಂಟಿ. ಮುಖಕ್ಕೆ ಏನೂ ಆಗಿರಲಿಲ್ಲ. ಅಪ್ಪ ನೋಡಿದ್ರು."

ಅವರು ತಲೆಯ ಮೇಲಿನ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡರು. ತಪ್ಪು ಮಾಡಿದೆನೋ ಎಂದುಕೊಂಡೆ.

"ಹೇಗಿತ್ತಂತೆ?"

"ನಿದ್ದೆ ಮಾಡಿದ ಹಾಗೆ ಇದ್ರಂತೆ. ಗಡ್ಡದಲ್ಲಿ ಸ್ವಲ್ಪ ಮರಳಿತ್ತಂತೆ. ಅಪ್ಪ ಕರ್ಚೀಫಿನಲ್ಲಿ ಒರೆಸಿದ್ರಂತೆ. ಬಾಯಿ ಮುಚ್ಚಿತ್ತಂತೆ."

"ಇನ್ನೊಮ್ಮೆ ಹೇಳು" ಎಂದರು.

ಹೇಳಿದೆ. ಬಸ್ಸಿಗೆ ಹೊತ್ತಾಗುವವರೆಗೂ ಅದನ್ನೇ ಹೇಳುತ್ತಾ ಕೂತಿದ್ದೆ.